ಎಳೆದವರ ಪಾಲು

ಬೆಳಗಿನಿಂದ ಹತ್ತು ಸಲ ಓದಿದ್ದ ಕಾರ್ಯಕ್ರಮದ ಕಾಗದವನ್ನು ಚನ್ನವೀರ ಹನ್ನೊಂದನೆಯ ಸಲ ಜೇಬಿನಿಂದ ತೆಗೆದ. ನಾಲ್ಕರಿಂದ ಐದು, ಬಲೆ ಎಳೆಯುವುದು. ಐದರಿಂದ ಆರು, ಮರಳಿನ ಮನೆ ಕಟ್ಟುವ ಸ್ಪರ್ಧೆ ಮತ್ತು ದಂಪತಿಗಳ ಓಟ. ಸರಿಯಾಗಿ ಆರಕ್ಕೆ ಹಿರಿಯರಿಗೆ ಸನ್ಮಾನ. ಪುಣೆಯ ಕನ್ನಡ ಬಳಗದವರು ಸಮುದ್ರಕ್ಕೇ ವೇಳಾಪಟ್ಟಿ ಹಾಕಿಕೊಟ್ಟಿದ್ದರು. ಅದು ಪಾಲಿಸುತ್ತದೋ ಇಲ್ಲವೋ ನೋಡಲು ಅರವತ್ತು ಜನ ಎರಡು ಬಸ್ಸು ಮಾಡಿಕೊಂಡು ನಿನ್ನೆ ನಸುಕಿನಲ್ಲಿ ಕಾತ್ರಜ ಬಿಟ್ಟು, ಸಾತಾರಾ, ಕೊಲ್ಲಾಪುರ ದಾಟಿ, ಘಟ್ಟ ಇಳಿಯುವಾಗ ಅರ್ಧ ಜನ ವಾಂತಿ ಮಾಡಿಕೊಂಡು, ಮಾಲವಣದ ಆಚೆಯ ಈ ಸಣ್ಣ ಕಡಲೂರಿಗೆ ಬಂದಿಳಿದಿದ್ದರು. ಇಳಿದವರಿಗೆಲ್ಲ ಒಂದೊಂದು ನೀಲಿ ಟೀಶರ್ಟು, ಎದೆಯ ಮೇಲೆ ‘ಕಡಲ ಮಕ್ಕಳು’ ಎಂದು ದಪ್ಪಕ್ಷರ. ಅರವತ್ತರಲ್ಲಿ ನಲವತ್ತು ಜನ ವಿಜಯಪುರ, ಬಾಗಲಕೋಟೆ ಕಡೆಯ ಗುಮಾಸ್ತರು, ಅಂಗಡಿಕಾರರು. ಅವರ ವಂಶದಲ್ಲಿ ಬಾವಿಗಿಂತ ಅಗಲದ ನೀರು ಕಂಡವರು ಕಡಿಮೆ. ಉಳಿದವರು ಕರಾವಳಿಯ ಹೋಟೆಲಿನವರು. ಅವರು ಕಡಲು ಬಿಟ್ಟು ಮೂವತ್ತು ವರ್ಷವಾಗಿ ಈಗ ಪುಣೆಯಲ್ಲಿ ಸಾಂಬಾರಿಗೆ ಬೆಲ್ಲ ಹಾಕುತ್ತ ಬದುಕಿದ್ದರು. ಕಡಲಿಗೆ ಇಂಥ ಮಕ್ಕಳಿದ್ದರೆ ಅದು ಉಪ್ಪಾಗದೆ ಇನ್ನೇನಾಗುತ್ತದೆ ಎಂದುಕೊಂಡು ಚನ್ನವೀರ ತನ್ನ ಟೀಶರ್ಟನ್ನು ಹೊಟ್ಟೆಯ ಮೇಲೆ ಕೆಳಗೆಳೆದುಕೊಂಡ. ಅದು ಮತ್ತೆ ಮೇಲೇರಿತು.

ತಿರಸ್ಕಾರ ಅವನಿಗೆ ಹೊಸದಲ್ಲ, ಊಟದ ಜೊತೆಯ ಉಪ್ಪಿನಕಾಯಿಯ ಹಾಗೆ ಎರಡು ಹೊತ್ತೂ ಬೇಕು. ಬಳಗದ ಅಧ್ಯಕ್ಷ ಹರಿಶ್ಚಂದ್ರ ಶೆಟ್ಟರು ಮೈಕು ಹಿಡಿದು ಓಡಾಡುವುದು, ಅವರ ಹೆಂಡತಿ ಪ್ರೇಮಾವತಿ ತೀರ್ಪುಗಾರಳ ಗತ್ತಿನಲ್ಲಿ ಇನ್ನೂ ಕಟ್ಟದ ಮರಳಿನ ಮನೆಗಳನ್ನು ಪರೀಕ್ಷಿಸುವುದು, ದಂಡೆಯುದ್ದಕ್ಕೂ ಪುಣೆಯ ನಂಬರಿನ ಕಾರುಗಳು, ಮನೆಗೊಂದು ಹೋಮ್‌ಸ್ಟೇ ಬೋರ್ಡು, ಬೋರ್ಡಿನ ಕೆಳಗೆ ಕೂತು ಮೀನು ಸೀಳಿ ಉಪ್ಪು ತುಂಬುತ್ತ ಬಂದವರ ಕಡೆ ಕತ್ತೆತ್ತಿಯೂ ನೋಡದ ಹೆಂಗಸರು, ಎಲ್ಲವನ್ನೂ ಅವನು ಒಂದೊಂದಾಗಿ ನೋಡಿ ಮನಸ್ಸಿನಲ್ಲೇ ಚೂರು ಮಾಡಿದ. ಹಾಗೆ ಮಾಡುತ್ತಿರುವಷ್ಟು ಹೊತ್ತು ಆರು ಗಂಟೆಯ ನೆನಪು ಬರುತ್ತಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದವನು ಪಕ್ಕದವರ ಎಲೆಯ ನೊಣ ಎಣಿಸುವುದು ಸುಮ್ಮನೆ ಅಲ್ಲ, ಅಷ್ಟಾದರೂ ಸಮಾಧಾನ ಬೇಕು.

ಹೆಗ್ಗಣ ಯಾವುದೆಂದರೆ, ಸನ್ಮಾನದ ಫಾರಮು. ಎರಡು ತಿಂಗಳ ಹಿಂದೆ ಬಳಗದವರು ಹಂಚಿದ್ದರು. ಹಿರಿಯರ ಹೆಸರು, ಮಲಕಪ್ಪ. ವಯಸ್ಸು, ಎಂಬತ್ತೆರಡು. ಊರು, ಇಂಡಿ ತಾಲೂಕು. ಉದ್ಯೋಗ ಎಂಬ ಗೆರೆಯ ಮೇಲೆ ಅವನ ಪೆನ್ನು ಒಂದು ಕ್ಷಣ ನಿಂತು, ಆಮೇಲೆ ಅದಕ್ಕೇ ಬುದ್ಧಿ ಬಂದಂತೆ ‘ವರ್ತಕರು, ಮಾರ್ಕೆಟ್ ಯಾರ್ಡ್, ಗುಲ್ಟೇಕಡಿ’ ಎಂದು ಬರೆದುಬಿಟ್ಟಿತ್ತು. ಅದೇನು ಪೂರ್ತಿ ಸುಳ್ಳೂ ಅಲ್ಲ ಎಂದು ಅವನು ಆ ರಾತ್ರಿ ತನಗೆ ತಾನೇ ಹೇಳಿಕೊಂಡಿದ್ದ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿದ್ದದ್ದು ಹೌದು, ನಲವತ್ತು ವರ್ಷ ಇದ್ದದ್ದೂ ಹೌದು. ಮೂಟೆಯ ಹಿಂದೆ ಗಾದಿಯ ಮೇಲೆ ಕೂತಿದ್ದನೋ, ಮೂಟೆಯ ಕೆಳಗೆ ಬಗ್ಗಿ ನಿಂತಿದ್ದನೋ ಎಂಬ ಒಂದೇ ವ್ಯತ್ಯಾಸ. ಮೂವತ್ತು ವರ್ಷ ಬ್ಯಾಂಕಿನಲ್ಲಿ ‘ಫಾದರ್ ಏನು ಮಾಡ್ತಿದ್ರು’ ಎಂದವರಿಗೆಲ್ಲ ಅವನು ‘ಯಾರ್ಡಿನೊಳಗಿದ್ರು’ ಎಂದಷ್ಟೇ ಹೇಳಿ, ಉಳಿದದ್ದನ್ನು ಕೇಳಿದವರ ಊಹೆಗೆ ಬಿಟ್ಟಿದ್ದ. ಬಾಯಿಂದ ಬರದ ಸುಳ್ಳು ಈಗ ಕೈಯಿಂದ ಬಂದಿತ್ತು. ಆರು ಗಂಟೆಗೆ ಅದು ಮೈಕಿನಿಂದ ಬರುತ್ತದೆ, ಅಪ್ಪ ಅದನ್ನು ತನ್ನ ಕಿವಿಯಿಂದ ಕೇಳುತ್ತಾನೆ. ಅಪ್ಪನಿಗೆ ಮುಂಚೆಯೇ ಒಂದು ಮಾತು ಹೇಳಿಬಿಡಬೇಕೆಂದು ಅವನು ಎರಡು ತಿಂಗಳಿಂದ ದಿನವೂ ಹೊಂಚು ಹಾಕಿದ್ದ. ಹೇಳುವುದಾದರೂ ಏನೆಂದು ಗೊತ್ತಾಗಿರಲಿಲ್ಲ.

ಅಪ್ಪ ಕೊಡೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೀರು ನೋಡುತ್ತಿದ್ದ. ಧೋತರದ ಮೇಲೆ ನೀಲಿ ಟೀಶರ್ಟು, ತಲೆಯ ಮೇಲೆ ಬಿಳಿ ಟೊಪ್ಪಿಗೆ. ಈ ಪ್ರವಾಸಕ್ಕೆ ಹೆಸರು ಕೊಡಿಸಿದ್ದೇ ಅವನು. ಜೀವನದಲ್ಲಿ ಏನೂ ಕೇಳದವನು ಮಾರ್ಚ್ ತಿಂಗಳಲ್ಲಿ ಒಂದು ದಿನ ಬಿಬವೇವಾಡಿಯ ಮನೆಯ ಬಾಲ್ಕನಿಯಲ್ಲಿ ಕೂತಿದ್ದಾಗ, “ಭಾಳ ಉಪ್ಪು ಹೊತ್ತೇನಪಾ. ಮಳಿಗಾಲದಾಗ ಮೂಟಿ ಒಡದು ಬೆನ್ನು ಉರೀತಿತ್ತು. ಅದರ ನೀರು ಮಾತ್ರ ನೋಡಿಲ್ಲ” ಎಂದಿದ್ದ. ಸೊಸೆ ನೀತಾ ತಕ್ಷಣ ಬಳಗದ ವಾಟ್ಸಾಪಿನಲ್ಲಿ ಮೂರು ಹೆಸರು ಕಳಿಸಿದ್ದಳು. ನಿನ್ನೆ ಮಧ್ಯಾಹ್ನ ಬಸ್ಸಿಳಿದು ಮೊದಲ ಸಲ ಸಮುದ್ರ ಕಂಡಾಗ ಅಪ್ಪ ಕೈ ಮುಗಿಯಲಿಲ್ಲ, ಬೆರಗಾಗಲಿಲ್ಲ. ಬಗ್ಗಿ ಬೊಗಸೆಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಹಚ್ಚಿ, ಹೌದು, ಅದೇ ಎನ್ನುವಂತೆ ತಲೆಯಾಡಿಸಿದ್ದ. ಸುತ್ತ ಅರವತ್ತು ಜನ ಕೂಗಿ ಕುಣಿದು ಒಬ್ಬರ ಮೇಲೊಬ್ಬರು ನೀರೆರಚುತ್ತಿದ್ದರು. ಆ ಹೊತ್ತಿಗೆ ಚನ್ನವೀರನಿಗೆ ಅಪ್ಪನ ಮೇಲೆ ಅಭಿಮಾನ ಬಂದದ್ದು ನಿಜ. ಅಭಿಮಾನ ಬಂದ ಕೂಡಲೇ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣು ಹಾಯಿಸಿದ್ದೂ ಅಷ್ಟೇ ನಿಜ.

ಅಪ್ಪ ನೀರು ಕುಡಿಯುವುದನ್ನು ಅವನು ಒಂದು ಸಲ ನೋಡಿದ್ದು ಸಾಕಾಗಿತ್ತು. ಬ್ಯಾಂಕಿಗೆ ಸೇರಿ ಎಂಟು ತಿಂಗಳಾಗಿತ್ತು. ಮ್ಯಾನೇಜರರು ಯಾವಾಗಲೋ ಒಮ್ಮೆ, ಬಾರಾಮತಿ ದ್ರಾಕ್ಷಿ ಈ ಸಲ ಬಾಯಿಗೇ ಬಿದ್ದಿಲ್ಲ ನೋಡಿ ಎಂದಿದ್ದನ್ನು ಮನೆಯಲ್ಲಿ ಹೇಳಿದ್ದ, ಅಷ್ಟೇ. ಹಂಗಾಮು ಮುಗಿಯುವಾಗ ಅಡತಿಯ ದಲಾಲರು ಹಮಾಲರ ಟೋಳಿಯ, ಅಂದರೆ ತಂಡದ, ಒಬ್ಬೊಬ್ಬರಿಗೂ ಒಂದೊಂದು ಪೆಟ್ಟಿಗೆ ಹಣ್ಣು ಕೊಡುತ್ತಿದ್ದರು. ಅದು ಭಿಕ್ಷೆಯಲ್ಲ, ಪಾಲು. ಆ ವರ್ಷದ ತನ್ನ ಪಾಲನ್ನು ಅಪ್ಪ ಗುಲ್ಟೇಕಡಿಯಿಂದ ಲಕ್ಷ್ಮೀ ರೋಡಿನ ಬ್ಯಾಂಕಿನವರೆಗೆ ಬೆನ್ನ ಮೇಲೆ ಹೊತ್ತು, ಎರಡು ಮಹಡಿ ಹತ್ತಿ, ಸೊಂಟದಲ್ಲಿ ಕಬ್ಬಿಣದ ಕೊಂಡಿ, ತೋಳಿನ ಮೇಲೆ ಬಿಲ್ಲೆ, ಕೊರಳಿನಿಂದ ಹೊಟ್ಟೆಯವರೆಗೆ ಬೆವರು, ಹಾಗೇ ಬಂದು ಚನ್ನವೀರನ ಮೇಜಿನ ಪಕ್ಕ ಪೆಟ್ಟಿಗೆ ಇಳಿಸಿದ. ಇಳಿಸಿ ನಕ್ಕ. ಮ್ಯಾನೇಜರರು ಕನ್ನಡಕ ಮೇಲೆತ್ತಿ ನೋಡಿದರು. ಆ ಒಂದು ನೋಟಕ್ಕೆ ಚನ್ನವೀರನ ನಾಲಿಗೆ ತಾನಾಗಿ ಮರಾಠಿಗೆ ತಿರುಗಿತು. “ಪ್ರಲ್ಹಾದ, ಹಮಾಲಾಲಾ ಪಾಣೀ ದೇ,” ಎಂದು ಸಿಪಾಯಿಗೆ ಹೇಳಿದ. ಪ್ರಲ್ಹಾದ, ಹಮಾಲನಿಗೆ ನೀರು ಕೊಡು. ಅಪ್ಪನ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಹೊತ್ತು ಮುಖದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತ್ತು. ಆಮೇಲೆ ಅವನು ಲೋಟವನ್ನು ತುಟಿಗೆ ತಾಗಿಸದೆ ಮೇಲೆತ್ತಿ ಗಟಗಟ ಕುಡಿದು, ಹೆಗಲ ಟವೆಲಿನಿಂದ ಬಾಯಿ ಒರೆಸಿ, “ಯೇತೋ ಸಾಹೇಬ”, ಬರ್ತೀನಿ ಸಾಹೇಬರೇ, ಎಂದು ಇಳಿದುಹೋದ. ಸಂಜೆ ಮನೆಯಲ್ಲಿ ಅವ್ವ ಪಾರವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ತಟ್ಟೆಯ ಮುಂದೆ ಕೂತು ಕೇಳಿದ್ದು ಒಂದೇ ಮಾತು. “ದ್ರಾಕ್ಷಿ ಸೀ ಇದ್ವೇನಪಾ?” ಚನ್ನವೀರ ಕೈ ತೊಳೆಯಲು ಎದ್ದುಹೋದ. ಮೂವತ್ತು ವರ್ಷವಾಯಿತು, ಇಬ್ಬರೂ ಒಂದೇ ಮನೆಯಲ್ಲಿ ಉಂಡು ಮಲಗಿದರು, ಅವ್ವ ಸತ್ತಳು, ಅವನು ಆಫೀಸರ್ ಆದ. ಆ ಪ್ರಶ್ನೆ ಮಾತ್ರ ಇನ್ನೂ ತಟ್ಟೆಯ ಪಕ್ಕದಲ್ಲೇ ಇತ್ತು.

“ಹಿಡೀರಿ, ಹಿಡೀರಿ, ಎಲ್ಲರೂ ಹಗ್ಗ ಹಿಡೀರಿ,” ಎಂದು ಮೈಕಿನಲ್ಲಿ ಹರಿಶ್ಚಂದ್ರ ಶೆಟ್ಟರು ಹೇಳುತ್ತಿದ್ದರು. “ನಾವು ಸಣ್ಣದಿರುವಾಗ ಶಾಲೆ ತಪ್ಪಿಸಿ ರಂಪಣಿ ಬಲೆ ಎಳೀಲಿಕ್ಕೆ ಹೋಗ್ತಿದ್ದೆವು ಮಾರಾಯ್ರೆ. ಅದರ ಗಮ್ಮತ್ತೇ ಬೇರೆ ಉಂಟು.” ಗಮ್ಮತ್ತು ಗೊತ್ತಿದ್ದ ಶೆಟ್ಟರ ಕೈಯಲ್ಲಿ ಮೈಕಿತ್ತು, ಹಗ್ಗವಿರಲಿಲ್ಲ. ಮಧ್ಯಾಹ್ನ ದೋಣಿಯವರು ಅರ್ಧಚಂದ್ರದ ಹಾಗೆ ಬಿಟ್ಟುಬಂದಿದ್ದ ಬಲೆಯ ಎರಡು ತುದಿಗಳ ಹಗ್ಗ ದಂಡೆಗೆ ಬಂದಿತ್ತು. ಒಂದೊಂದು ಹಗ್ಗಕ್ಕೆ ಸುಮಾರು ಮೂವತ್ತು ನೀಲಿ ಟೀಶರ್ಟುಗಳು, ನಡುನಡುವೆ ಊರಿನ ಮೀನುಗಾರರು. ನೀಲಿಯವರು ಹಗ್ಗ ಹಿಡಿದಿದ್ದರು, ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಫೋನು. ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ, ಭಾರ ಎಳೆಯುವವರ ಮುಖ ಮಾಡಿ ಫೋಟೋ ತೆಗೆಸಿಕೊಂಡು, ತೆಗೆದಾದ ಮೇಲೆ ಮುಖವನ್ನು ಮೊದಲಿನಂತೆ ಮಾಡಿ ಚೆನ್ನಾಗಿ ಬಂತಾ ನೋಡುತ್ತಿದ್ದರು. ಹಗ್ಗ ಇದ್ದಲ್ಲೇ ಇತ್ತು. ಚನ್ನವೀರನೂ ಹಿಡಿದಿದ್ದ. ನೀತಾ ಅವನ ಫೋಟೋ ತೆಗೆದು, “ಸ್ವಲ್ಪ ಜಗ್ಗಿದಂಗ ಮಾಡ್ರಿ” ಎಂದಳು. ಅವನು ಜಗ್ಗಿದ ಹಾಗೆ ಮಾಡಿದ. ಮಾಡುತ್ತ, ಇಡೀ ಬಳಗವೇ ನಾಟಕದ ಕಂಪನಿ ಎಂದು ಒಳಗೇ ಉಗಿದ.

ಹಗ್ಗದ ಮುಂದಿನ ತುದಿಯಲ್ಲಿ ಕಚ್ಚೆ ಸೀರೆ ಉಟ್ಟ ಹೆಂಗಸೊಬ್ಬಳು ಮೊಣಕಾಲು ನೀರಿನಲ್ಲಿ ನಿಂತು ಎಳೆಯುತ್ತಿದ್ದಳು. ರಾಧಾಬಾಯಿ ಎಂದು ಅವಳ ಹೆಸರು, ಬಲೆಯವರ ಲೆಕ್ಕದಲ್ಲಿ ಅವಳೇ ಹಿರಿಯಳು. ಹಿಂದೆ ತಿರುಗಿ ಒಮ್ಮೆ ಈ ಮೂವತ್ತು ನೀಲಿಗಳನ್ನು ನೋಡಿದಳು. ಮತ್ತೆ ಎಳೆಯತೊಡಗಿದಳು. ಅಷ್ಟರಲ್ಲಿ ಕೊಡೆಯ ಕೆಳಗಿನ ಕುರ್ಚಿ ಖಾಲಿಯಾಗಿತ್ತು.

“ಒಟ್ಟ ಕೈ ಹಚ್ಚಿ ನಿಂತಾರ. ಯಾರೂ ಜಗ್ಗವಲ್ಲರು,” ಎಂದು ಅಪ್ಪ ಯಾರಿಗೂ ಅಲ್ಲದ ಹಾಗೆ ಹೇಳುತ್ತ ಬಂದ. ಧೋತರ ಮೇಲಕ್ಕೆತ್ತಿ ಕಚ್ಚೆ ಬಿಗಿದಿದ್ದ. ಟವೆಲನ್ನು ನಾಲ್ಕು ಮಡಿಕೆ ಮಾಡಿ ಬಲ ಹೆಗಲ ಮೇಲಿಟ್ಟು, ಹಗ್ಗವನ್ನು ಕೈಯಲ್ಲಲ್ಲ, ಆ ಹೆಗಲ ಮೇಲೆ ತೆಗೆದುಕೊಂಡ. ಸಮುದ್ರಕ್ಕೆ ಬೆನ್ನು ಮಾಡಿ ಹಿಮ್ಮಡಿಯನ್ನು ಮರಳಿನಲ್ಲಿ ಊರಿದ. ನೀತಾ, “ಮಾವಾರ, ಬ್ಯಾಡ್ರಿ, ಬಿಪಿ ಅದ ನಿಮಗ,” ಎಂದಳು. ಅವನಿಗೆ ಕೇಳಿಸಲಿಲ್ಲ. ಎಂಬತ್ತೆರಡರ ಎದೆಗೂಡಿನ ತಳದಿಂದ ಒಂದು ಕೂಗು ಬಂತು. “ಲಾವ್ ಜೋರ, ಹೋ, ಹೈಶಾ.” ಅದು ಮಾರ್ಕೆಟ್ ಯಾರ್ಡಿನ ಕೂಗು, ಲಾರಿಯಿಂದ ನೂರು ಕಿಲೋ ಮೂಟೆ ಇಳಿಯುವಾಗ ಟೋಳಿಯ ಮುಖ್ಯಸ್ಥ ಹಾಕುವಂಥದು. ಹುಡುಗನಾಗಿದ್ದಾಗ ಚನ್ನವೀರ ಅದನ್ನು ಗೋಡೆಯಾಚೆಯಿಂದ ಕೇಳಿ ಅಪ್ಪ ಇರುವ ಜಾಗ ಗುರುತಿಸುತ್ತಿದ್ದ. ಮೀನುಗಾರರು ಒಂದು ಕ್ಷಣ ಬೆರಗಾದರು, ಎರಡನೆಯ ಕೂಗಿಗೆ ಹೆಜ್ಜೆ ಸೇರಿಸಿದರು. ಮೂರನೆಯದಕ್ಕೆ ಹಗ್ಗ ಚಲಿಸಿತು. ಹಿಡಿದುಕೊಂಡಿದ್ದ ನೀಲಿಗಳು ಹಗ್ಗದ ಜೊತೆ ಎಡವುತ್ತ ಹೋಗಿ, ಒಬ್ಬೊಬ್ಬರಾಗಿ ಕೈ ಬಿಟ್ಟು, ಪಕ್ಕಕ್ಕೆ ನಿಂತು ವಿಡಿಯೋ ಮಾಡತೊಡಗಿದರು. ಚನ್ನವೀರನೂ ಬಿಟ್ಟ. ಅವನ ಅಂಗೈ ಉರಿಯುತ್ತಿತ್ತು, ಮುಖವೂ.

ಪಕ್ಕದಲ್ಲಿ ಹರಿಶ್ಚಂದ್ರ ಶೆಟ್ಟರು ಮೈಕು ಕೆಳಗಿಳಿಸಿ ನಿಂತಿದ್ದರು. “ನಿಮ್ಮ ತಂದೆಯವರ ಸ್ವರ ಈಗಲೂ ಹಾಗೇ ಉಂಟಲ್ಲ ಮಾರಾಯ್ರೆ,” ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವಂತೆ ಚನ್ನವೀರನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. “ಅಡತ್ಯಾಗ ಕೂತು ಹಮಾಲರು ಒದರೂದು ಕೇಳಿ ಕೇಳಿ ರೂಢಿ ಆಗೇದ್ರಿ,” ಎಂದ. ಅಗತ್ಯಕ್ಕಿಂತ ದೊಡ್ಡದಾಗಿಯೇ ಹೇಳಿದ. ಹಗ್ಗ ಹೊತ್ತ ಅಪ್ಪ ಆಗ ಅವನಿಂದ ನಾಲ್ಕು ಮಾರು ದೂರದಲ್ಲಿ ಹಾದುಹೋಗುತ್ತಿದ್ದ. ಅವನ ಕೂಗು ಅರ್ಧಕ್ಕೆ ತುಂಡಾಯಿತು. ದಮ್ಮು ಹತ್ತಿರಬೇಕು. ಮತ್ತೆ ಮೊದಲಿನಂತೆಯೇ ಶುರುವಾಯಿತು.

“ಹೌದೌದು,” ಎಂದು ಶೆಟ್ಟರು ಸಮುದ್ರದ ಕಡೆ ಮುಖ ಮಾಡಿದರು.

ಬಲೆ ದಂಡೆಗೆ ಬಂದಾಗ ಐದೂಮುಕ್ಕಾಲು. ಕಾರ್ಯಕ್ರಮ ಕೆಟ್ಟುಹೋಗಿತ್ತು, ಮರಳಿನ ಮನೆಗಳ ನಡುವೆ ಬಲೆ ಹಾದು ಪ್ರೇಮಾವತಿಯವರು ಮೊದಲ ಬಹುಮಾನಕ್ಕೆ ಆರಿಸಿದ್ದ ಕೋಟೆ ನೆಲಸಮವಾಗಿತ್ತು. ತಾರಲಿ ಮೀನಿನ ದೊಡ್ಡ ಹಿಂಡೇ ಸಿಕ್ಕಿತ್ತು. ಬೆಳ್ಳಗೆ, ಜೀವಂತ, ಒಂದರ ಮೇಲೊಂದು ಹೊರಳುತ್ತ. ರಾಧಾಬಾಯಿ ಸೆರಗು ಬಿಗಿದು ಕೂತು ಗುಡ್ಡೆ ಹಾಕಲು ಶುರು ಮಾಡಿದಳು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ಆಮೇಲೆ ಎಳೆದವರಿಗೆ ತಲೆಗೊಂದರಂತೆ. ಯಾರ ಊರು, ಯಾರ ಜಾತಿ, ಯಾರೂ ಕೇಳುವುದಿಲ್ಲ. ಹಗ್ಗ ಎಳೆದ ಮೇಲೆ ಪಾಲು ಅವನದು, ಅದು ಆ ದಂಡೆಯ ಪದ್ಧತಿ. ಕೊನೆಯ ಗುಡ್ಡೆಯನ್ನು ಒಂದು ಬುಟ್ಟಿಗೆ ತುಂಬಿ, ಎರಡೂ ಕೈಯಿಂದ ಎತ್ತಿ ಅಪ್ಪನ ಕಾಲ ಬಳಿ ಇಟ್ಟು, “ಆಜೋಬಾ, ಹಾ ತುಮಚಾ ವಾಟಾ,” ಎಂದಳು. ಅಜ್ಜಾ, ಇದು ನಿಮ್ಮ ಪಾಲು.

“ನಮ್ಮದು?” ಎಂದು ನೀಲಿಯವರಲ್ಲಿ ಯಾರೋ ತಮಾಷೆಗೆ ಕೇಳಿದರು. ರಾಧಾಬಾಯಿ ಕತ್ತೆತ್ತದೆ ಮರಾಠಿಯಲ್ಲೇ ಹೇಳಿದಳು, ನಿಮ್ಮ ಪಾಲು ನಿಮ್ಮ ಫೋನಿನಲ್ಲಿದೆಯಲ್ಲ, ಮನೆಗೆ ಹೋಗಿ ನೋಡಿಕೊಳ್ಳಿ ಎಂದು. ಎಲ್ಲರೂ ನಕ್ಕರು. ಅರವತ್ತು ಕಡಲ ಮಕ್ಕಳಲ್ಲಿ ಮೀನಿನ ಪಾಲು ಬಂದದ್ದು ಒಬ್ಬನಿಗೆ, ಅದೂ ಹುಟ್ಟಿದಾಗಿನಿಂದ ಮೀನು ಮುಟ್ಟದ, ಕೊರಳಲ್ಲಿ ಲಿಂಗ ಕಟ್ಟಿದ ಇಂಡಿ ತಾಲೂಕಿನ ಮುದುಕನಿಗೆ. ಚನ್ನವೀರನಿಗೆ ಇದರಲ್ಲಿ ನಗುವಂಥದ್ದು ಬೇಕಾದಷ್ಟು ಕಂಡಿತು, ಬೇರೆ ಯಾರ ಅಪ್ಪನಾದರೂ ಆಗಿದ್ದರೆ.

“ಬ್ಯಾಡ ಅಂತ ಹೇಳ್ರಿ ಮಾವಾರ,” ಎಂದಳು ನೀತಾ, ಮೂಗಿಗೆ ಸೆರಗು ಹಿಡಿದು. “ಲಿಂಗದ ಮೈ. ಮುಟ್ಟಬ್ಯಾಡ್ರಿ.”

“ನಾ ತಿನ್ನಾಂಗಿಲ್ಲವಾ,” ಎಂದ ಅಪ್ಪ. ಬುಟ್ಟಿಯ ಅಂಚಿನ ಮೇಲೆ ಕೈಯಿಟ್ಟಿದ್ದ. “ಪಾಲ ಮಾತ್ರ ತಗೋತೀನಿ. ದುಡದವ ತನ್ನ ಪಾಲ ಬ್ಯಾಡ ಅಂದ್ರ, ನಾಳೆ ಇನ್ನೊಬ್ಬ ದುಡದವಗ ಕೊಡೂದ ಬಿಡ್ತಾರ.” ಆಮೇಲೆ ರಾಧಾಬಾಯಿಯ ಕಡೆ ತಿರುಗಿ, ಯಾರ್ಡಿನ ಒರಟು ಮರಾಠಿಯಲ್ಲಿ, ಇವತ್ತು ಹಗ್ಗಕ್ಕೆ ಬರಲಾಗದವರು ಯಾರಿದ್ದಾರೆ ಎಂದು ಕೇಳಿದ. ಟೋಳಿಯಲ್ಲಿ ಒಬ್ಬ ಬಿದ್ದರೆ ಅವನ ಪಾಲು ಅವನ ಮನೆಗೆ ಹೋಗಿ ಮುಟ್ಟುತ್ತಿತ್ತು. ಅಪ್ಪನ ಬೆನ್ನು ಹಿಡಿದುಕೊಂಡ ಮೂರು ತಿಂಗಳು ಬೇರೆಯವರು ಹೊತ್ತ ಮೂಟೆಯಲ್ಲಿ ಚನ್ನವೀರ ಬಿ.ಕಾಂ. ಕೊನೆಯ ವರ್ಷ ಮುಗಿಸಿದ್ದ, ಅದು ಅವನಿಗೆ ಈಗ, ಬೇಡದ ಹೊತ್ತಿಗೆ, ನೆನಪಾಯಿತು. ರಾಧಾಬಾಯಿ ದಂಡೆಯ ಆ ಕೊನೆಗೆ ಕೈ ತೋರಿಸಿದಳು. ಅಲ್ಲಿ ಗೌರಾಬಾಯಿ ಅಂತ ಇದ್ದಾಳೆ, ಸೊಂಟ ಮುರಿದು ಆರು ತಿಂಗಳಾಯಿತು, ಐವತ್ತು ವರ್ಷ ಎಳೆದ ಕೈ.

“ಎತ್ತು,” ಎಂದ ಅಪ್ಪ.

ಚನ್ನವೀರನಿಗೆ ಮೊದಲು ಅದು ತನಗೆ ಹೇಳಿದ್ದೆಂದೇ ತಿಳಿಯಲಿಲ್ಲ. “ಅಪ್ಪಾ, ಆರ ಆಗ್ಲಿಕ್ಕ ಬಂತು. ಸನ್ಮಾನ ಅದ. ಯಾರರ ಹುಡುಗರಿಗೆ ಹೇಳೂಣು,” ಎಂದ.

“ನನಗ ಎತ್ತಲಿಕ್ಕೆ ಆಗೂದಿಲ್ಲ ಈಗ. ನೀ ಎತ್ತು.”

ಅಪ್ಪ ಹೆಗಲಿನ ಟವೆಲು ತೆಗೆದು, ಕೊಡವಿ, ಮತ್ತೆ ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲಿಟ್ಟ. ಎಲ್ಲಿಡಬೇಕೆಂದು ಬೆರಳಿನಿಂದ ಎಲುಬು ಹುಡುಕಿ ಇಟ್ಟ. ಈ ಮನುಷ್ಯ ತನ್ನ ಮೈ ಮುಟ್ಟಿ ಎಷ್ಟು ವರ್ಷವಾಯಿತೆಂದು ಚನ್ನವೀರನಿಗೆ ನೆನಪಾಗಲಿಲ್ಲ. ಇಬ್ಬರು ಮೀನುಗಾರರು ಬುಟ್ಟಿಯನ್ನು ಎತ್ತಿ ಏರಿಸಿದರು. ಅದು ಅವನು ಅಂದುಕೊಂಡದ್ದಕ್ಕಿಂತ ಭಾರವಿತ್ತು. ಎದ್ದ ಕೂಡಲೇ ತಣ್ಣನೆಯ ನೀರು ಕಿವಿಯ ಹಿಂದಿನಿಂದ ಇಳಿದು, ಎದೆಯ ಮೇಲಿನ ‘ಕಡಲ ಮಕ್ಕಳು’ ಮೇಲೆ ಹರಿಯಿತು. ಒಂದು ಮೀನು ಇನ್ನೂ ಬಾಲ ಬಡಿಯುತ್ತ ಕೆನ್ನೆಗೆ ತಾಗುತ್ತಿತ್ತು. ದಾರಿ ಇದ್ದದ್ದು ಒಂದೇ, ಸನ್ಮಾನದ ವೇದಿಕೆಯ ಮುಂದಿನಿಂದ. ಅಪ್ಪ ಕೈ ಬೀಸಿಕೊಂಡು ಮುಂದೆ ನಡೆದ. ಚನ್ನವೀರ ಹಿಂದೆ. ಕುರ್ಚಿಗಳಲ್ಲಿ ಕೂತ ಬಳಗ ತಿರುಗಿ ನೋಡಿತು. ಬ್ಯಾಂಕಿನ ನಿವೃತ್ತ ಸಹೋದ್ಯೋಗಿಗಳು, ಪ್ರತಿ ವರ್ಷ ಅವನ ಭಾಷಣ ಕೇಳಿ ಆಕಳಿಸುವ ಹೆಂಗಸರು, ಎಲ್ಲರೂ. ಮುಂದೆ ಬರಿಗೈಯ ಯಜಮಾನ, ಹಿಂದೆ ಹೊರೆ ಹೊತ್ತ ಆಳು. ವರ್ತಕರು, ಮಾರ್ಕೆಟ್ ಯಾರ್ಡ್. ತಾನು ಫಾರಮಿನಲ್ಲಿ ಬರೆದದ್ದು ಹೀಗೆ ನಿಜವಾಗಬೇಕಿತ್ತೇ ಎಂದುಕೊಂಡ. ನಗು ಬರಲಿಲ್ಲ. ಬೆನ್ನು ಉರಿಯಿತು, ಉಪ್ಪು.

ಗೌರಾಬಾಯಿಯ ಮನೆ ಅಂದರೆ ಹೆಂಚಿನ ಒಂದು ಮಾಡು, ಮುಂದೊಂದು ಜಗಲಿ. ಒಳಗಿನ ಕತ್ತಲೆಯಿಂದ ಒಣಮೀನಿನ ವಾಸನೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಕೂತು ಹರಿದ ಬಲೆ ಹೆಣೆಯುತ್ತಿದ್ದಳು. ಅಪ್ಪ ಅವಳ ಪಕ್ಕ ಕೂತು, ಎಷ್ಟೋ ವರ್ಷದ ಪರಿಚಯದವನ ಹಾಗೆ, ಬುಟ್ಟಿ ಎಲ್ಲಿ ಇಳಿಸಬೇಕೆಂದು ಬೆರಳಿನಿಂದ ತೋರಿಸಿದ. ಚನ್ನವೀರ ಇಳಿಸಿದ. ಮುದುಕಿ ಅವನನ್ನು ನೋಡಲೂ ಇಲ್ಲ, ಮೀನು ನೋಡಿದಳು. ಅಷ್ಟರಲ್ಲಿ ದೂರದಿಂದ ಮೈಕು ಕೇಳಿಸಿತು. ಹರಿಶ್ಚಂದ್ರ ಶೆಟ್ಟರ ದನಿ, ಕಾಗದ ನೋಡಿ ಓದುವ ದನಿ. “ಪು‌ಣೆ ಮಾರ್ಕೆಟ್ ಯಾರ್ಡಿನ ಹಿರಿಯ ವರ್ತಕರಾದ ಶ್ರೀ ಮಲಕಪ್ಪನವರು ದಯವಿಟ್ಟು ವೇದಿಕೆಗೆ ಬರಬೇಕು.”

ಚನ್ನವೀರ ಅಪ್ಪನ ಮುಖ ನೋಡಲಿಲ್ಲ. ಎರಡು ತಿಂಗಳು ಹೊಂಚು ಹಾಕಿ ಆಡದ ಮಾತು ಕೊನೆಗೆ ಗಾಳಿಯಲ್ಲಿ ಬಂದು ಮುಟ್ಟಿತ್ತು.

ಮೈಕು ಎರಡನೆಯ ಸಲ ಕರೆದದ್ದನ್ನೂ ಅಪ್ಪ ಪೂರ್ತಿ ಕೇಳಿಸಿಕೊಂಡ. “ಯಾರನೋ ಕರೀಲಿಕತ್ತಾರ ನೋಡು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. “ಪಾಪ, ಕಾಯ್ತಿರ್ತಾರ. ಹೋಗಿ ಹೇಳು, ಆ ವರ್ತಕರು ಬಂದಿಲ್ಲಂತ.”

ಬಂದ ದಾರಿಯಲ್ಲೇ ಅವನು ವಾಪಸ್ಸು ನಡೆದ. ಈ ಸಲ ಹೆಗಲ ಮೇಲೆ ಬುಟ್ಟಿಯಿರಲಿಲ್ಲ, ಆದರೂ ಬಗ್ಗಿಯೇ ನಡೆಯುತ್ತಿದ್ದ. ಏನೇನೋ ಹೊಳೆದವು: ಅಪ್ಪನಿಗೆ ಸುಸ್ತಾಗಿದೆ ಅನ್ನಬಹುದು, ಶಾಲು ನಾನೇ ತಗೋತೀನಿ ಅನ್ನಬಹುದು. ಮೂವತ್ತು ವರ್ಷ ಇಂಥವು ಹೇಳಿ ಪಳಗಿದ ನಾಲಿಗೆ ಸಾಲಾಗಿ ಒಂದೊಂದನ್ನೂ ತೆಗೆದುಕೊಟ್ಟಿತು. ವೇದಿಕೆ ಹತ್ತಿದಾಗ ಹರಿಶ್ಚಂದ್ರ ಶೆಟ್ಟರು ಶಾಲು ಬಿಡಿಸಿಕೊಂಡು ನಿಂತಿದ್ದರು. ಮುಂದಿನ ಸಾಲಿನವರು ಮೀನಿನ ವಾಸನೆಗೆ ಕುರ್ಚಿ ಹಿಂದೆ ಸರಿಸಿದರು.

“ತಂದೆಯವರು ಎಲ್ಲಿ?”

“ಆ ವರ್ತಕರು ಬಂದಿಲ್ರಿ,” ಎಂದ ಚನ್ನವೀರ. ಮೈಕು ಶೆಟ್ಟರ ಕೈಯಲ್ಲೇ ಇತ್ತು, ಅವನ ಮಾತು ಅದರೊಳಗೆ ಹೋಗಿ ಇಡೀ ದಂಡೆಗೆ ಕೇಳಿಸಿತು. ಇನ್ನು ನಿಲ್ಲಿಸಲು ಬರುವಂತಿರಲಿಲ್ಲ. “ನಾ ಬರದದ್ದು ಸುಳ್ಳು. ನಮ್ಮಪ್ಪ ಹಮಾಲ ಇದ್ದ. ನಲವತ್ತು ವರ್ಷ.”

ಭೂಮಿ ಬಿರಿಯಬೇಕಿತ್ತು. ಯಾರಾದರೂ ಕನಿಷ್ಠ ಪಕ್ಷ ಅಯ್ಯೋ ಅನ್ನಬೇಕಿತ್ತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪ್ರೇಮಾವತಿ ತಟ್ಟೆಯಲ್ಲಿದ್ದ ಹಣ್ಣುಗಳನ್ನು ಸರಿಪಡಿಸಿದರು. ಹರಿಶ್ಚಂದ್ರ ಶೆಟ್ಟರು ಮೈಕಿನ ಗುಂಡಿ ಒತ್ತಿ ಆರಿಸಿ, ಅವನ ಕಿವಿಯ ಹತ್ತಿರ ಬಗ್ಗಿ, ಮಗುವಿಗೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು.

“ಅದು ಗೊತ್ತುಂಟಲ್ಲ ಮಾರಾಯ್ರೆ. ಕಾತ್ರಜದಲ್ಲಿ ನನ್ನ ಮೊದಲ ಹೋಟೆಲಿಗೆ ಈರುಳ್ಳಿ ಮೂಟೆ ಲಾರಿಗೆ ಏರಿಸಿ ಕೊಟ್ಟದ್ದು ಅವರೇ. ಆ ಸ್ವರ ಮರೀಲಿಕ್ಕೆ ಆಗ್ತದಾ?”

“ಎಲ್ಲಾರಿಗೂ...”

“ಹಳಬರಿಗೆಲ್ಲ ಗೊತ್ತುಂಟು. ನೀವು ಯಾವಾಗಲೂ ಹಾಗೆ ಹೇಳ್ತೀರಿ. ಈಗ ಫಾರಮಿನಲ್ಲಿಯೂ ಹಾಗೇ ಬರೆದ್ರಿ. ನಿಮ್ಮ ಮನಸ್ಸು ಯಾಕೆ ನೋಯಿಸೋದು ಅಂತ ಓದಿದೆ, ಅಷ್ಟೇ.”

ಹಾಗಾದರೆ ಮೂವತ್ತು ವರ್ಷ. ಪ್ರತಿ ಬೇಸಿಗೆ ಸಮ್ಮಿಲನದಲ್ಲಿ, ಪ್ರತಿ ರಾಜ್ಯೋತ್ಸವದಲ್ಲಿ, ಅವನು ‘ಯಾರ್ಡಿನೊಳಗಿದ್ರು’ ಎಂದಾಗಲೆಲ್ಲ ಈ ಜನ ಹೌದೌದು ಎಂದು ಸಮುದ್ರದ ಕಡೆಗೋ ಗೋಡೆಯ ಕಡೆಗೋ ಮುಖ ತಿರುಗಿಸಿದ್ದರು. ತಾನು ಇವರನ್ನೆಲ್ಲ ಮನಸ್ಸಿನಲ್ಲಿ ಚೂರು ಮಾಡುತ್ತಿದ್ದಾಗ ಇವರು ತನ್ನ ಮೇಲೆ ಕನಿಕರ ತೋರಿಸುತ್ತಿದ್ದರು. ಕುಂಟನನ್ನು ಕುಂಟ ಎನ್ನದ ಹಾಗೆ, ಸುಳ್ಳನನ್ನು ಸುಳ್ಳ ಎನ್ನದೆ ಕಾಪಾಡಿಕೊಂಡು ಬಂದಿದ್ದರು. ಕೋಪ ಬಂತು. ಯಾರ ಮೇಲೆ ಎಂದು ಹುಡುಕಿದ. ಮೂವತ್ತು ವರ್ಷ ಎಲ್ಲರಿಗೂ ಹಂಚಿಕೊಂಡು ಬಂದ ತಿರಸ್ಕಾರ ಈಗ ಹೋಗಲು ಜಾಗವಿಲ್ಲದೆ ಒಂದೇ ಮನೆಗೆ ಬಂದು ನಿಂತಿತ್ತು.

ಶೆಟ್ಟರು ಶಾಲು ಮಡಚಿ ಅವನ ಹೆಗಲ ಮೇಲೆ ಹಾಕಿದರು. ಅಲ್ಲಿ ಇನ್ನೂ ಅಪ್ಪನ ಟವೆಲಿತ್ತು. ಅದರ ಮೇಲೆಯೇ ಹಾಕಿದರು. ಕೈಗೆ ಹಣ್ಣಿನ ಬುಟ್ಟಿ, ತೆಂಗಿನಕಾಯಿ, ಫಲಕ ಕೊಟ್ಟು, “ನೀವೇ ತಲುಪಿಸಿಬಿಡಿ. ಅವರು ಇಲ್ಲಿಗೆ ಬರಲಿಕ್ಕಿಲ್ಲ,” ಎಂದು ಮೈಕು ಹಚ್ಚಿ ಮುಂದಿನ ಹೆಸರು ಕರೆದರು. ಕಾರ್ಯಕ್ರಮ ಆಗಲೇ ಇಪ್ಪತ್ತು ನಿಮಿಷ ತಡವಾಗಿತ್ತು. ನೀತಾ ಎದ್ದು ಬಂದು, ಅವನ ಮುಖ ನೋಡಿ, ಕೈಯಿಂದ ತೆಂಗಿನಕಾಯಿ ಮಾತ್ರ ತೆಗೆದುಕೊಂಡು ನಿಂತಳು. ಅವನು ನಡೆದ. ಫಲಕದಲ್ಲಿ ಬಂಗಾರದ ಬಣ್ಣದಲ್ಲಿ ‘ವರ್ತಕರು’ ಎಂದಿತ್ತು. ಅದನ್ನು ಎದೆಗೆ ಒತ್ತಿ, ಅಕ್ಷರ ಒಳಗಡೆ ಮಾಡಿ ಹಿಡಿದುಕೊಂಡಿದ್ದ.

ಜಗಲಿಗೆ ಬಂದು ಎಲ್ಲವನ್ನೂ ಇಳಿಸುವಷ್ಟರಲ್ಲಿ ಅವನಿಗೆ ಉಸಿರು ಹತ್ತಿತ್ತು. ಅಪ್ಪ ಶಾಲು ನೋಡಲಿಲ್ಲ, ಫಲಕ ಓದಲಿಲ್ಲ. ಬೆವರು ಸುರಿಸುತ್ತ ನಿಂತ ಐವತ್ತೈದು ವರ್ಷದ ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಆಮೇಲೆ ಪಕ್ಕಕ್ಕೆ ತಿರುಗಿ, ಬಹಳ ಸಮಾಧಾನವಾಗಿ, ಒಂದೊಂದೇ ಶಬ್ದ ನೆನಪು ಮಾಡಿಕೊಳ್ಳುವವನ ಹಾಗೆ ಹೇಳಿದ.

“ಬಾಈ, ಹಮಾಲಾಲಾ ಪಾಣೀ ದ್ಯಾ.”

ಗೌರಾಬಾಯಿ ಕೂತಲ್ಲಿಂದಲೇ ಕೈ ಚಾಚಿ ಕೊಡದಿಂದ ಒಂದು ತಂಬಿಗೆ ಬಗ್ಗಿಸಿ ಮುಂದೆ ಹಿಡಿದಳು. ಚನ್ನವೀರ ತೆಗೆದುಕೊಂಡ. ತುಟಿಗೆ ತಾಗಿಸದೆ ಮೇಲೆತ್ತಿದ. ಅಭ್ಯಾಸವಿಲ್ಲದ ಗಂಟಲು, ಅರ್ಧ ನೀರು ಮೂಗಿಗೆ ಹೋಯಿತು, ಅರ್ಧ ಕೊರಳಿಗೆ ಇಳಿಯಿತು. ಕೆಮ್ಮಿ, ಕಣ್ಣು ತುಂಬಿ, ಮತ್ತೆ ಎತ್ತಿ ಪೂರ್ತಿ ಕುಡಿದ. ಹೆಗಲ ಟವೆಲಿನಿಂದ ಬಾಯಿ ಒರೆಸಿಕೊಂಡ. ಅದು ಮೀನು, ಉಪ್ಪು, ಅಪ್ಪ ಮೂರೂ ನಾರುತ್ತಿತ್ತು.

“ನೀರು ಸೀ ಅದ ಏನಪಾ?” ಎಂದ ಅಪ್ಪ.

ಕಡಲ ಪಕ್ಕದ ಬಾವಿಯ ನೀರು. ಬಾಯಿ ತುಂಬ ಸವಳು.

“ಇಲ್ಲಪ್ಪಾ, ಸವಳ ಅದ,” ಎಂದ ಚನ್ನವೀರ. “ದ್ರಾಕ್ಷಿ ಸೀ ಇದ್ವು.”

ಅಪ್ಪ ತಲೆಯಾಡಿಸಿ, ಬುಟ್ಟಿಯಲ್ಲಿನ ಮೀನು ಎಣಿಸುತ್ತಿದ್ದ ಮುದುಕಿಗೆ ಸಹಾಯ ಮಾಡಲು ಬಗ್ಗಿದ.